ಗಾಳಿಗೆ ತೆರೆಯುವ ಬಾಗಿಲು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಕೋಲಾರದ ನಮ್ಮ ಮನೆಯ ಗೋಡೆ ಹಸಿರಿತ್ತೆಂದು ಡೈರಿಯಲ್ಲಿ ಒಂದು ಕಡೆ ಬರೆದಿದ್ದೇನೆ, ನೀಲಿಯೆಂದು ಇನ್ನೊಂದು ಕಡೆ. ಎರಡನ್ನೂ ಬರೆಯುವಾಗ ನನಗೆ ಸಂಶಯವೇ ಇರಲಿಲ್ಲ.

ಮಾರಾಟಕ್ಕಿಟ್ಟ ಆ ಮನೆಯ ಫೋಟೊಗಳನ್ನು ಬ್ರೋಕರ್ ಹೋದ ತಿಂಗಳು ಫೋನಿಗೆ ಕಳಿಸಿದ. ಸಮುದ್ರ ಕಾಣದ ಊರಿನಲ್ಲಿ ಹಡಗಿನದರಂಥ ದುಂಡು ಕಿಟಕಿಗಳು. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆಯಲ್ಲಿ ಕಾಫಿ ದಾಟಿಸುವ ಪುಟ್ಟ ಗೂಡು. ಅದರಿಂದ ಲೋಟದ ಜೊತೆಗೆ ಬರುವ ಬಳೆಗಳನ್ನು ನೋಡಿಯೇ ಯಾರ ಕೈ ಎಂದು ಹೇಳುತ್ತಿದ್ದೆ. ಕೊನೆಯ ಫೋಟೊದಲ್ಲಿ ಮಹಡಿಯ ಆ ಬಾಗಿಲು. ಹೊಸ್ತಿಲಿದೆ, ಚಿಲಕವಿದೆ, ಆಚೆಗೆ ಮಾತ್ರ ಏನೂ ಇಲ್ಲ. 'ಕೊಳ್ಳೋ ಪಾರ್ಟಿ ಇದನ್ನ ಮುಚ್ಚಿಸಿ ಅಂತಾರೆ ಮೇಡಂ' ಎಂದು ಕೆಳಗೆ ಬರೆದಿದ್ದ.

ತಾತನೂ ಅವರ ತಮ್ಮನೂ ಅಕ್ಕಪಕ್ಕ ಮನೆ ಕಟ್ಟಿ, ನಡುವಿನ ಸಂದಿಯ ಮೇಲೆ ಮಹಡಿಯಿಂದ ಮಹಡಿಗೆ ಹಲಗೆ ಹಾಸಿದ್ದರಂತೆ. ಆಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟರು, ತಾತ ಹಲಗೆ ಕೀಳಿಸಿದರು. ಆದರೆ ಗೌರಿಹಬ್ಬ ನಿಲ್ಲಬಾರದಲ್ಲ? ಅಜ್ಜಿ ಬಾಗಿನದ ಮೊರವನ್ನು ಬುಟ್ಟಿಯಲ್ಲಿಟ್ಟು, ಶ್ರೀನಿವಾಸಪುರದ ತೋಟದಲ್ಲಿ ಮಾವು ಕೀಳುವ ದೋಟಿಯ ತುದಿಗೆ ಸಿಕ್ಕಿಸಿ, ಸಂದಿಯಾಚೆ ನಿಂತ ವಾರಗಿತ್ತಿಗೆ ಚಾಚುತ್ತಿದ್ದರು. ಅವರ ಬಾಗಿನ ಅದೇ ದೋಟಿಯಲ್ಲಿ ಈಚೆಗೆ ಬರುತ್ತಿತ್ತು. ಗಂಡಸರು ಹಬ್ಬದ ದಿನ ಆ ಸಂದಿಯ ಕಡೆ ತಲೆಯೆತ್ತುತ್ತಿರಲಿಲ್ಲ. ಕಾಣದಂತಿರುವುದೂ ಒಂದು ಮರ್ಯಾದೆಯಾಗಿತ್ತೇನೋ.

ಇದೆಲ್ಲ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಹೇಳಿದ್ದು. ನನ್ನದೇ ಎನ್ನಬಹುದಾದ ನೆನಪು ಒಂದೇ: ಯಾರದೋ ಸೊಂಟದ ಮೇಲೆ ಕೂತು ಆ ಹಲಗೆ ದಾಟುತ್ತಿದ್ದೇನೆ, ಸೀಳಿನಲ್ಲಿ ಕೆಳಗೆ ತುಳಸಿಕಟ್ಟೆ ಪುಟ್ಟದಾಗಿ ಕಾಣುತ್ತಿದೆ, ಮಧ್ಯಕ್ಕೆ ಬಂದಾಗ ಕಾಲ ಕೆಳಗಿನದೆಲ್ಲ ತೊಟ್ಟಿಲಿನಂತೆ ತೂಗುತ್ತದೆ. ನನಗೆ ಭಯವಿಲ್ಲ. ಎತ್ತಿಕೊಂಡವರ ಎದೆ ಮಾತ್ರ ಡವಗುಟ್ಟುತ್ತಿದೆ. ಇದಕ್ಕಿಂತ ಹಿಂದಿನದು ನನಗೆ ಯಾವುದೂ ನೆನಪಿಲ್ಲ.

ಹಲಗೆ ದಾಟಿದ್ದು ನೆನಪಿದೆ ಎಂದಾಗಲೆಲ್ಲ ಅತ್ತೆ ನಗುತ್ತಾರೆ. "ನೀನು ಹುಟ್ಟೋ ಮುಂಚೇನೇ ಕಿತ್ತಾಕಿದ್ರು ಕಣೇ. ಕನಸು ಕಂಡಿರ್ತೀಯ." ನನಗೂ ಹಾಗೇ ಇರಬಹುದೆನಿಸುತ್ತದೆ. ಕೇಳಿದ ಕಥೆಯೊಳಗೆ ಸದ್ದಿಲ್ಲದೆ ಹೋಗಿ ಕೂರುವುದು ನನ್ನ ಹಳೇ ಚಾಳಿ. ಆದರೂ ಬಾಗಿಲು ಇರುವವರೆಗೆ ಆ ನೆನಪಿಗೊಂದು ವಿಳಾಸವಿತ್ತು. ಇನ್ನು ಅದೂ ಇರುವುದಿಲ್ಲ.

ಹೋದ ವಾರ ಗಾರೆಯವರು ಬರುವ ದಿನ ಅತ್ತೆಯನ್ನು ಮುಳಬಾಗಿಲಿನಿಂದ ಕರೆತಂದೆ. ಪಕ್ಕದ ಮನೆ ಎಂದೋ ನೆಲಸಮವಾಗಿ ಈಗ ಖಾಲಿ ಸೈಟು. ಅತ್ತೆಗೆ ಬೇಸರವಿದ್ದಂತೆ ಕಾಣಲಿಲ್ಲ. "ಮುಚ್ಕೊಳ್ಲಿ ಬಿಡು, ಕಾಗೆ ಬಿಟ್ರೆ ಇನ್ಯಾರು ಬರ್ತಾರೆ ಅದ್ರಲ್ಲಿ" ಎನ್ನುತ್ತಲೇ ಮೆಟ್ಟಿಲು ಹತ್ತಿದರು. ಸೆರಗಿನ ಗಂಟಿನಿಂದ ಅರಿಶಿನ ಕುಂಕುಮ ತೆಗೆದು ಹೊಸ್ತಿಲಿಗೆ ಹಚ್ಚಿದರು. ಗಾರೆಯವರು ಇಟ್ಟಿಗೆ ಕೆಳಗಿಟ್ಟು ಕಾದರು.

ನಾನು ಚಿಲಕ ತೆಗೆದೆ. ಬಿಸಿಲು ಒಮ್ಮೆಗೇ ಒಳಗೆ ಬಂತು. ಕೆಳಗೆ ತುಳಸಿಕಟ್ಟೆಯ ಗುರುತಾದರೂ ಇದೆಯೇ ಎಂದು ಬಗ್ಗಿದೆ, ಒಂದು ಕಾಲು ಹೊಸ್ತಿಲ ಮೇಲಿತ್ತು. ಅತ್ತೆ ತಟ್ಟನೆ ನನ್ನ ಮಣಿಕಟ್ಟು ಹಿಡಿದರು. ಹೆದರಿದಾಗ ಅವರ ಬಾಯಿಗೆ ಮೊದಲು ಬರುವುದು ತೆಲುಗು.

"ಜಾಗ್ರತ್ತಮ್ಮಾ. ಮಧ್ಯದ ಹಲಗೆ ತೂಗುತ್ತೆ."

ಹಲಗೆ ತೂಗುತ್ತಿತ್ತೆಂದು ನಾನು ಅವರಿಗೆ ಹೇಳಿದ ನೆನಪಿಲ್ಲ. ಹೇಳಿದ್ದು ಮರೆತಿರಲೂಬಹುದು; ನನ್ನ ಮಾತನ್ನು ನಾನೇ ಎಷ್ಟು ನಂಬುತ್ತೇನೆಂದು ನಿಮಗೀಗ ಗೊತ್ತಲ್ಲ. ಆದರೆ ಅವರು ಮಣಿಕಟ್ಟು ಬಿಡದೆ ನನ್ನನ್ನು ಒಳಕ್ಕೆ ಎಳೆದುಕೊಂಡರು, ನಾನು ಆಗಲೇ ಅರ್ಧ ದಾರಿಯಲ್ಲಿದ್ದೇನೆ ಎಂಬಂತೆ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ. ಅತ್ತೆ ಸೆರಗಿನ ಗಂಟನ್ನು ಮತ್ತೆ ಬಿಗಿದು ಕಟ್ಟಿಕೊಂಡರು. ಮುಳಬಾಗಿಲು ಬಂತು, ಇಳಿದರು, ಊಟ ಮಾಡಿ ಹೋಗು ಎಂದರು. ಅಲ್ಲಿಂದೀಚೆಗೆ ಫೋನಿನಲ್ಲಿ ಹುಣಸೆಹಣ್ಣು, ಮಂಡಿನೋವು ಎಲ್ಲದರ ಮಾತೂ ಆಗಿದೆ, ಕಾರಿನಲ್ಲಿ ನಾನು ಕೇಳಿದ ಇದೊಂದು ಬಿಟ್ಟು:

"ಅತ್ತೆ, ತಾತಂಗೆ ಗೊತ್ತಿಲ್ದಂಗೆ ನನ್ನ ಎತ್ಕೊಂಡು ಆ ಕಡೆ ಹೋಗಿದ್ದು ನೀವೇನಾ?"