ಪಾಳಿಯಲ್ಲಿಟ್ಟ ಬಿಂದಿಗೆ

ಬೆಂಗಳೂರಿನ ಅಂಚಿನ ಈ ವಠಾರಕ್ಕೆ ಬಂದ ಮಾರನೇ ಬೆಳಿಗ್ಗೆಯೇ ನನ್ನ ತಾಮ್ರದ ಬಿಂದಿಗೆ ಮೋರಿಯಲ್ಲಿ ಬಿದ್ದಿತ್ತು. ಪಕ್ಕೆ ನೆಗ್ಗಿತ್ತು. ನಾನು ಮಾಡಿದ ತಪ್ಪಾದರೂ ಏನು? ಅದನ್ನು ನಲ್ಲಿಯ ಮುಂದೆ ಪಾಳಿಗೆ ಇಟ್ಟು, ಮುದ್ದೆಗೆ ಎಸರಿಡಲು ಒಳಗೆ ಹೋಗಿದ್ದೆ, ಅಷ್ಟೆ.

ನಮ್ಮೂರು ಮಿಡಿಗೇಶಿಯಲ್ಲಿ ಪಾಳಿಯಲ್ಲಿಟ್ಟ ಬಿಂದಿಗೆ ಎಂದರೆ ಮನುಷ್ಯರೇ ನಿಂತ ಹಾಗೆ. ಒಡತಿ ಹೊಲಕ್ಕೆ ಹೋಗಿರಲಿ, ಕೂಸಿಗೆ ಹಾಲು ಕುಡಿಸುತ್ತಿರಲಿ, ಅದನ್ನು ಯಾರೂ ಸರಿಸುವುದಿಲ್ಲ. ಸರದಿ ಬಂದರೆ ಹಿಂದಿನವರೇ ತುಂಬಿಸಿಡುತ್ತಾರೆ. ಇಲ್ಲಿ ಎದುರಿಗೆ ನಿಂತವರಿಗಷ್ಟೇ ನೀರು.

"ಅಯ್ಯೋ ಅಕ್ಕಯ್ಯ, ಇದು ಮನೂರು ಅನ್ಕೊಂಡ್ಯಾ?" ಎಂದು ನಕ್ಕಳು ಪಕ್ಕದ ಮನೆಯ ನಾಗರತ್ನ. ಪಾವಗಡದ ರಾಯಚರ್ಲು ಕಡೆಯ ತೆಲುಗು ಮಾತಿನವಳು, ನಮ್ಮೂರು ಎನ್ನಲು 'ಮನೂರು' ಎನ್ನುತ್ತಾಳೆ. ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು ನನ್ನ ಹಾಗೆ ಗಾರ್ಮೆಂಟ್ಸ್ ಸೇರಿದವಳು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಇಲ್ಲಿ ನೀರಿಗೆ 'ಲೋಡು' ಎನ್ನುತ್ತಾರೆ. ಒಂದು ಟ್ಯಾಂಕರ್ ತುಂಬಿದರೆ ಒಂದು ಲೋಡು. ವಠಾರದ ಬೋರ್‌ವೆಲ್ ನಮಗೆ ಸ್ವಲ್ಪ ಹೊತ್ತು, ಆಮೇಲೆಲ್ಲ ಅಪಾರ್ಟ್‌ಮೆಂಟಿನ ಟ್ಯಾಂಕರಿಗೆ. ಈ ಬೇಸಿಗೆಯಲ್ಲಿ ಪೈಪು ನೀರಿಗಿಂತ ಗಾಳಿಯನ್ನೇ ಹೆಚ್ಚು ಉಗುಳತೊಡಗಿದಾಗ ಮಾಲೀಕ ಮುನಿರಾಜಪ್ಪ ನಮ್ಮ ನಲ್ಲಿಗೆ ಬೀಗ ಜಡಿದ. ಟ್ಯಾಂಕರು ಮಾತ್ರ ನಿಲ್ಲಲಿಲ್ಲ.

"ನೆಲ ನಂದು, ನೆಲದ ಕೆಳಗಿನ ನೀರೂ ನಂದು. ಬೇಕಾದ್ರೆ ಇರಿ, ಇಲ್ಲಾಂದ್ರೆ ಖಾಲಿ ಮಾಡಿ," ಎಂದ.

ಈಗ ಬೋರ್‌ವೆಲ್ಲಿಗೆ ಅನುಮತಿ ಬೇಕು, ನೋಂದಣಿ ಬೇಕು ಎನ್ನುತ್ತಾರೆ. ಬೇಕಾದದ್ದೇ. ಆದರೆ ಬಾಡಿಗೆಯವರ ಬಿಂದಿಗೆಗೆ ಅದರಲ್ಲಿ ಎಷ್ಟು ಹಕ್ಕು ಎಂದು ಕೇಳಿದರೆ ಹೇಳುವವರಿಲ್ಲ. ಖಾಲಿ ಮಾಡಿದರೆ ಮಗಳ ಶಾಲೆ ಹೋಯಿತು, ನನ್ನ ಕೆಲಸವೂ ಹೋಯಿತು. ಹೋಗುವುದಿಲ್ಲ ಎಂದುಕೊಂಡೆ.

ಮರುದಿನ ಟ್ಯಾಂಕರ್ ಬರುವ ಮೊದಲೇ ಗೇಟಿನಿಂದ ಬೋರ್‌ವೆಲ್‌ವರೆಗೆ ನಾನು, ನಾಗರತ್ನ, ವಠಾರದ ಹೆಂಗಸರೆಲ್ಲ ಸೇರಿ ನಮ್ಮ ಬಿಂದಿಗೆಗಳನ್ನು ಸಾಲಾಗಿ ಇಟ್ಟೆವು. ನನ್ನ ನೆಗ್ಗಿದ ಬಿಂದಿಗೆ ಎಲ್ಲಕ್ಕಿಂತ ಮುಂದೆ. ಇಟ್ಟು, ನಮ್ಮ ನಮ್ಮ ಬಾಗಿಲಿಗೆ ಹೋಗಿ ನಿಂತೆವು.

ಡ್ರೈವರ್ ಬಾಷಾ ಇಳಿದು ಬಂದು ನೋಡಿದ. ಅವನೂ ನಮ್ಮ ಕಡೆಯವನೇ, ಸಿರಾದವನೆಂದು ನನಗೆ ಆಗ ಗೊತ್ತಿರಲಿಲ್ಲ. "ಏನ್ ನೋಡ್ತೀಯಾ? ಎತ್ತಿ ಬಿಸಾಕು!" ಎಂದು ಮುನಿರಾಜಪ್ಪ ಕೂಗಿದ.

"ಅರೆ ಸಾಬ್, ಪಾಳಿ ಬಿಂದಿಗೆ ಮುಟ್ಟಕ್ಕಾಗಲ್ಲ. ನಮ್ಮ ಅಮ್ಮೀಗೆ ಗೊತ್ತಾದ್ರೆ ಮನೆಗೇ ಸೇರ್ಸಲ್ಲ," ಎಂದವನೇ ಬಾಷಾ ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಮುನಿರಾಜಪ್ಪ ಹಾರಾಡಿದ, ಬೈದ, ಕೊನೆಗೆ ಬೀಗ ತೆಗೆದ. "ಯಾವೂರಿಂದ ಬಂದ್ಬುಟ್ರಪ್ಪಾ ನೀವು!" ಮಿಡಿಗೇಶಿಯಿಂದ ಎಂದು ಕೇಳಿಸುವ ಹಾಗೇ ಹೇಳಿದೆ. ಅಂದಿನಿಂದ ಮೊದಲು ಬಿಂದಿಗೆ, ಆಮೇಲೆ ಲೋಡು.

ಹೋದ ತಿಂಗಳು ಬಿಂದಿಗೆಯ ನೆಗ್ಗು ತೆಗೆಸಲು ಊರಿಗೆ ಹೊತ್ತುಕೊಂಡು ಹೋದೆ. ತಮ್ಮನ ಹೊಲದ ಬೋರ್‌ವೆಲ್‌ನಲ್ಲಿ ನೀರು ಹಿಡಿಯೋಣವೆಂದು ಹೋದರೆ ಅಲ್ಲಿ ಕಬ್ಬಿಣದ ಗೂಡು, ಅದಕ್ಕೊಂದು ಬೀಗ!

"ಈಗ ಇಲ್ಲೂ ಇಂಗೇ ಕಣಕ್ಕ. ಎಲ್ರೂ ಬಂದ್ರೆ ನಂಗೇನು ಉಳೀತದೆ? ಬೆಂಗಳೂರ್ನೋಳು ನೀನು, ನಿಂಗೆ ತಿಳಿಯಾಕಿಲ್ಲ ಬುಡು," ಎಂದ ತಮ್ಮ.

ವಠಾರದಲ್ಲಿ ಮಿಡಿಗೇಶಿಯವಳು, ಊರಲ್ಲಿ ಬೆಂಗಳೂರಿನವಳು. ಹಾಗೇ ಆಗಲಿ. ಬಿಂದಿಗೆಯನ್ನು ಬೀಗದ ಮುಂದೆ ಕುಕ್ಕಿ, ಹುಣಸೆಮರದ ನೆರಳಿಗೆ ಹೋಗಿ ಕೂತೆ.

"ಪಾಳಿಗೆ ಇಟ್ಟಿದ್ದೀನಿ ಕಣ್ಲಾ. ಸರಿಸು ನೋಡಾನ."