ಒತ್ತಕ್ಷರ ಉಳಿದು ಕೆಲಸ ಹೋದ ಬಗ್ಗೆ

ಸಕಲೇಶಪುರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದ ಅವಧಿಗೆ ಸಂಬಂಧಿಸಿದಂತೆ ಈ ಕೆಳಗಿನ ಸಂಗತಿಗಳನ್ನು ದಾಖಲಿಸಬಯಸುತ್ತೇನೆ. ಈ ಮೊದಲು ಏನನ್ನೂ ಬರೆದವಳಲ್ಲವಾದ್ದರಿಂದ ಕ್ರಮ ತಪ್ಪಿದ್ದಲ್ಲಿ ಮನ್ನಿಸಬೇಕು.

ಆಗ ಶಾಲೆಯವರು, ಸಂಘದವರು ತಮ್ಮಲ್ಲೇ ಕನ್ನಡ ಟೈಪು ಮಾಡಿ ಫ್ಲಾಪಿಯಲ್ಲಿ ತರುತ್ತಿದ್ದರು. ಸದರಿ ಬರಹವನ್ನು ಕಾಪಿ ಮಾಡಿ, ಪುಟ ಕಟ್ಟುವ ಪ್ರೋಗ್ರಾಮಿನಲ್ಲಿ ಪೇಸ್ಟ್ ಮಾಡಿದೊಡನೆ ಅದು ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತಿತ್ತು. ಕನ್ನಡ ಫಾಂಟ್ ಆಯ್ದರೆ ಅಕ್ಷರಗಳೇನೋ ಮರಳುತ್ತಿದ್ದವು. ಆದರೆ ಅಲ್ಲಲ್ಲಿ ಒತ್ತುಗಳು ಕಾಣೆಯಾಗುತ್ತಿದ್ದವು. ಆದ್ದರಿಂದ ಎಲ್ಲವನ್ನೂ ಹೊಸದಾಗಿ ಟೈಪು ಮಾಡಲೆಂದೇ ನನ್ನನ್ನು ನೇಮಿಸಿಕೊಳ್ಳಲಾಗಿತ್ತು. ಆ ಕೆಲಸವಿರುವ ತನಕ ಮಾತ್ರ ನಾನು ಹೊಂಗಡಹಳ್ಳದಲ್ಲಿ ಅವ್ವನ ಜೊತೆ ಎಸ್ಟೇಟಿಗೆ ಕಾಫಿ ಕುಯ್ಯಲು ಹೋಗಬೇಕಾಗಿರಲಿಲ್ಲ.

ಒಮ್ಮೆ ಮಾಲೀಕರ ತಮ್ಮ ಅವಸರದಲ್ಲಿ ಪೇಸ್ಟ್ ಮಾಡಿದ್ದನ್ನೇ ಅಚ್ಚಿಗೆ ಕಳಿಸಿದ. ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರೇ ಕೆಟ್ಟಿತು.

"ವೈರಸ್ಸು ಕಣೋ ಇದು. ಹಾಸನದಿಂದ ಮೆಕ್ಯಾನಿಕ್ ಕರ್ಸು" ಎಂದರು ಮಾಲೀಕರು.

"ಹೋದ್ಸಲ ಬಂದು ಟೀ ಕುಡ್ದು ಹೋಗ್ಬುಟ್ಟ ಕಣಣ್ಣ, ಮತ್ತೇನ್ ಮಾಡ್ದ?" ಎಂದ ತಮ್ಮ.

ಕಾಣೆಯಾಗುತ್ತಿದ್ದದ್ದು ಪ್ರತಿಸಲವೂ ಅವೇ ಒತ್ತುಗಳೆಂಬುದನ್ನು ನಾನು ಗಮನಿಸಿದ್ದೆ. ಅವನ್ನಷ್ಟೇ ಟೈಪು ಮಾಡಿ, ಪೇಸ್ಟ್ ಮಾಡಿ ನೋಡಿದೆ. ಆ ಫಾಂಟಿನಲ್ಲಿ ಇಂಗ್ಲಿಷಿನ ಉದ್ಧರಣ ಚಿಹ್ನೆಗಳ ಜಾಗದಲ್ಲಿ ನಮ್ಮ ಒತ್ತುಗಳನ್ನು ಕೂರಿಸಿದ್ದರು. ಪ್ರೋಗ್ರಾಮು ಅವುಗಳನ್ನು ಉದ್ಧರಣ ಚಿಹ್ನೆಗಳೆಂದೇ ತಿಳಿದು, ಚೆಂದ ಮಾಡಲು ಹೋಗಿ ಬದಲಿಸುತ್ತಿತ್ತು. ಹಾಗೆ ಬದಲಿಸುವುದು ಬೇಡವೆಂದು ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿದ್ದ ಒಂದು ಟಿಕ್ ತೆಗೆದೆ. ಮತ್ತೆ ಪೇಸ್ಟ್ ಮಾಡಿದಾಗ ಒಂದಕ್ಷರವೂ ಕೆಡಲಿಲ್ಲ.

"ಭೇಷ್ ಕಣಮ್ಮ! ಇಷ್ಟೇಯಾ?" ಎಂದು ಮಾಲೀಕರು ಟೀ, ಬೋಂಡ ತರಿಸಿದರು. ಟೀ ಆರುವುದರೊಳಗೆ ತಮ್ಮ ನನ್ನ ಇಡೀ ದಿನದ ಕೆಲಸವನ್ನು ತಾನೇ ಮುಗಿಸಿದ.

ಶನಿವಾರ ಮಾಲೀಕರು ಹೇಳಿದರು: "ಬೇಜಾರ್ ಮಾಡ್ಕೋಬ್ಯಾಡ ಕಣಮ್ಮ. ಇನ್ನು ಟೈಪ್ ಮಾಡಕ್ಕೆ ಏನೈತೆ ಹೇಳು? ಇವ್ನೊಬ್ನೇ ಸಾಕು."

"ಕಂಡುಹಿಡ್ದೋಳು ನಾನಲ್ವಾ ಅಣ್ಣ?"

"ಅದ್ಕೇ ಅಲ್ವೇನಮ್ಮ ಟೀ ಕೊಡ್ಸಿದ್ದು."

ಈ ಉತ್ತರದ ವಿರುದ್ಧ ಮೇಲ್ಮನವಿ ಸಲ್ಲಿಸಲು ನನಗೆ ಯಾವ ಅವಕಾಶವೂ ಇರಲಿಲ್ಲ. ಆ ಟಿಕ್ ತೆಗೆದವಳು ಯಾರೆಂದು ಅಲ್ಲಿ ಈಗ ಯಾರಿಗೂ ನೆನಪಿರಲಾರದು.

ಸೋಮವಾರ ಎಸ್ಟೇಟಿನ ರೈಟರು ಹಾಜರಿ ಹಾಕಿಕೊಳ್ಳುತ್ತ, "ಕಂಪ್ಯೂಟ್ರಿನೋರು ಬಂದವ್ರೆ, ದಾರಿ ಬಿಡ್ರಪ್ಪೋ" ಎಂದರು. ಹೆಂಗಸರೆಲ್ಲ ನಕ್ಕರು. ಅವ್ವ ನಗಲಿಲ್ಲ. ಗಿಡದ ಕೊಂಬೆಯನ್ನು ಬಗ್ಗಿಸಿ ಹಿಡಿದು, ಕೆಳದನಿಯಲ್ಲಿ ಕೇಳಿದಳು:

"ಗೊತ್ತಾಗಿದ್ನೆಲ್ಲ ಹೇಳ್ಬುಡ್ತಾರೇನೇ?"