ಜೊಂಡಿನೊಳಗಿನ ಮೀನಿಗೆ ದಪ್ಪ ದಾರ

ಕಳೆದ ಶನಿವಾರ, ಬೆಳಿಗ್ಗೆ ಆರೂ ಕಾಲು. ಟೆಕ್ಸಸ್ಸಿನ ಫ್ಲೂಗರ್‌ವಿಲ್ ಕೆರೆಯ ದಂಡೆ. ಹಾಜರಿದ್ದವರು: ನಾನು, ಪಕ್ಕದ ಮನೆಯ ಸತೀಶ, ಧಾರವಾಡದಿಂದ ಬಂದಿರುವ ಅವನ ಅತ್ತೆ ಶಾಂತಾಬಾಯಿ. ನನ್ನ ಡಬ್ಬಿಯಲ್ಲಿದ್ದ ಗಾಳದ ಕೊಕ್ಕೆಗಳು: ಆರು.

ಎಣಿಸಿಯೇ ಮನೆ ಬಿಡುವುದು ನನ್ನ ಕ್ರಮ. ಮೈಸೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. (ಹಳೆಯ ಓದುಗರು ಮನ್ನಿಸಿ, ಹೊಸಬರಿಗಾಗಿ ಹೇಳಿದೆ.) ಹೊಟ್ಟೆ ಹೊಲಿಯುವ ಮೊದಲು ಸೂಜಿ, ಬಟ್ಟೆ, ಕತ್ತರಿ ಎಲ್ಲವನ್ನೂ ಎಣಿಸಬೇಕು. ಒಳಗೆ ಹೋದದ್ದು ಹೊರಗೆ ಬರಬೇಕು. ಒಂದು ಸೂಜಿ ಕಡಿಮೆ ಬಂದರೆ ಎಂಥ ದೊಡ್ಡ ಸರ್ಜನ್ ಆದರೂ ಕೈ ನಿಲ್ಲಿಸಬೇಕು. ನಾನು ನಿಲ್ಲಿಸಿದ್ದೇನೆ ಕೂಡ.

ಈ ಕ್ರಮ ಹೋದ ತಿಂಗಳು ತಪ್ಪಿತು. ಸತೀಶ ಬಲವಂತ ಮಾಡಿ ತನ್ನ ತೆಳು ದಾರ ಕೊಟ್ಟಿದ್ದ. ಕೂದಲಿನಷ್ಟು ಸಣ್ಣದು, ನೀರಿನಲ್ಲಿ ಕಾಣುವುದೇ ಇಲ್ಲ. ಬಾಸ್ ಮೀನು ಕಚ್ಚಿತು, ಜೊಂಡಿಗೆ ನುಗ್ಗಿತು, ದಾರ ಪಟ್ಟನೆ ಹರಿಯಿತು. ನನ್ನ ಕೊಕ್ಕೆ ಅದರ ಬಾಯಲ್ಲೇ ಹೋಯಿತು. ಆರು ಒಯ್ದವಳು ಐದು ತಂದೆ. ಇನ್ನೊಮ್ಮೆ ಹೀಗಾದರೆ ಗಾಳ ಮುಟ್ಟುವುದಿಲ್ಲ ಎಂದು ಅವತ್ತೇ ದೇವರ ಮುಂದೆ ನಿಂತು ಹೇಳಿಬಿಟ್ಟೆ.

(ಹಾಗೇ ಆಗಲಿ ಎಂದು ಕಾಯುತ್ತಿರುವವರು ನಮ್ಮ ಗಾಳದ ಬಳಗದಲ್ಲೇ ಇದ್ದಾರೆ. ಗೊತ್ತು.)

ಆದ್ದರಿಂದ ಈ ಸಲ ಬ್ರೇಡ್. ಜಡೆಯಂತೆ ಹೆಣೆದ ಹಸಿರು ದಾರ, ಅರವತ್ತೈದು ಪೌಂಡ್ ಭಾರ ತಡೆಯುವಂಥದು. ಸತೀಶ ನೋಡಿದವನೇ ನಕ್ಕ.

"ಆಂಟಿ, ಇದು ಹಗ್ಗ! ಬಟ್ಟೆ ಒಣಗ್ ಹಾಕ್ಬೋದು. ಮೀನಿಗೆ ಕಾಣ್ಸಲ್ವಾ?"

"ಕಾಣ್ಲಿ ಬಿಡು. ಜೊಂಡಲ್ಲಿ ಹೊಂಚು ಹಾಕ್ಕೊಂಡಿರೋದಕ್ಕೆ ದಾರ ನೋಡೋಷ್ಟು ಪುರುಸೊತ್ತೆಲ್ಲಿ? ಹುಳ ಕಂಡ್ರೆ ಹಾರತ್ತೆ ಅಷ್ಟೆ."

"ಆದ್ರೂ ತೆಳು ಲೈನಲ್ಲಿ ಹಿಡಿಯೋದೇ ಸ್ಕಿಲ್ಲು ಆಂಟಿ."

"ನಿನ್ ಸ್ಕಿಲ್ಲಿಗೆ ಅದ್ರ ಬಾಯಿ ಯಾಕಪ್ಪ ಹರೀಬೇಕು?"

ತಿಳಿನೀರಿನಲ್ಲಿ, ಅಡ್ಡಿ ಆತಂಕವಿಲ್ಲದ ಕಡೆ, ತೆಳು ದಾರವೇ ಸರಿ. ಒಪ್ಪುತ್ತೇನೆ. ಆದರೆ ಜೊಂಡು, ಪಾಚಿ, ಮುಳುಗಿದ ಮರ ಇರುವ ಕಡೆ? ಕಣ್ಣಿನ ಆಪರೇಷನ್ನಿಗೆ ಹಾಕುವ ನೂಲಿನಲ್ಲಿ ಯಾರಾದರೂ ಹೊಟ್ಟೆ ಹೊಲಿಯುತ್ತಾರೆಯೇ?

ಗಂಟು ಬಿಗಿಯುವ ಮೊದಲು ದಾರ ಒದ್ದೆಯಾಗಬೇಕು. ಸತೀಶ ನಾಲಿಗೆಗೆ ತಾಗಿಸುತ್ತಾನೆ. ನಾನು ಬಾಟಲಿಯ ನೀರು ಹನಿಸಿಕೊಂಡೆ. ಟೆಕ್ಸಸ್ ಆದರೇನು, ಎಂಜಲು ಎಂಜಲೇ.

ಮಡಿಚುವ ಕುರ್ಚಿಯಲ್ಲಿ ಕೂತಿದ್ದ ಶಾಂತಾಬಾಯಿ ಆಗ ಕೇಳಿದರು: "ಅಲ್ರೀ ಅಕ್ಕಾರ, ತಿನ್ನಂಗಿಲ್ಲಂದ್ರ ಹಿಡಿಯೂದ್ ಯಾಕ್ರಿ? ಅದರ ಪಾಡಿಗೆ ಅದು ಇರಲಿ ಬಿಡ್ರಿ."

ಮೀನು ಕಚ್ಚಿದಾಗ ಕೈಗೆ ಬರುವ ಆ ಎಳೆತ ನನಗೆ ಬೇಕು. ಎಪ್ಪತ್ತೊಂದರಲ್ಲೂ ಬೇಕು. ನನ್ನನ್ನು ಬೈಯುವ ಹಕ್ಕು ಶಾಂತಾಬಾಯಿಗೆ ಇದೆ. ತೆಳು ದಾರದವರಿಗೆ ಇಲ್ಲ.

ಏಳೂ ಹತ್ತಕ್ಕೆ ಎಳೆತ ಬಂತು. ಮೀನು ನೇರ ಮುಳುಗಿದ ಮರದ ಕೆಳಗೆ ನುಗ್ಗಿತು. ದಾರ ಕೊಂಬೆಗೆ ಸುತ್ತಿಕೊಂಡಿತು. ಗಾಳದ ರಾಡ್ ಬಿಲ್ಲಿನಂತೆ ಬಾಗಿತು.

"ಕಟ್ ಮಾಡಿ ಆಂಟಿ, ರಾಡ್ ಮುರಿಯತ್ತೆ!"

"ಮುರೀಲಿ!"

ಶೂ ಸಮೇತ ನೀರಿಗಿಳಿದೆ. ಮಂಡಿವರೆಗೆ ನೀರು. ಕೊಂಬೆಯ ಇನ್ನೊಂದು ಬದಿಗೆ ಹೋಗಿ ಎಳೆದೆ. ತೆಳು ದಾರವಾಗಿದ್ದರೆ ಅಷ್ಟು ಹೊತ್ತಿಗೆ ಎರಡು ಸಲ ಹರಿದಿರುತ್ತಿತ್ತು. ಇದು ಹರಿಯಲಿಲ್ಲ. ಒಂದು ಮಂಕರಿ ಪಾಚಿಯ ಸಮೇತ ಮೀನು ಬಂತು.

ಕೆಳತುಟಿ ಹಿಡಿದು ಇಕ್ಕಳದಿಂದ ನನ್ನ ಕೊಕ್ಕೆ ತೆಗೆದೆ. ಆಮೇಲೆ ಕಂಡಿತು. ಬಾಯಿಯ ಮೂಲೆಯಲ್ಲಿ ಇನ್ನೊಂದು ಕೊಕ್ಕೆ! ತುಕ್ಕು ಹಿಡಿದಿತ್ತು. ಅದರಿಂದ ಒಂದು ಗೇಣು ಪಾರದರ್ಶಕ ತೆಳು ದಾರ ಜೋತಾಡುತ್ತಿತ್ತು. ಸುತ್ತ ಹುಣ್ಣಾಗಿತ್ತು. ನನ್ನದೇ ಇರಬಹುದೇ? ತಿರುಗಿಸಿ ನೋಡಿದೆ. ನನ್ನವೆಲ್ಲ ಉದ್ದನೆಯ ಕಪ್ಪು ಕೊಕ್ಕೆಗಳು. ಇದು ಗಿಡ್ಡ, ಗುಂಡಗಿನದು.

"ಪಾಪದ್ದು, ಎಷ್ಟ್ ದಿನ ಹೊತ್ಕೊಂಡು ತಿರಗೇತೋ" ಎಂದರು ಶಾಂತಾಬಾಯಿ. ಯಾವಾಗಲೋ ಕುರ್ಚಿ ಬಿಟ್ಟು ನೀರಿನಂಚಿಗೆ ಬಂದಿದ್ದರು.

ಯಾರೂ ಕೇಳುವ ಮೊದಲೇ ಸತೀಶ, "ನಂದಲ್ಲ ಆಂಟಿ" ಎಂದ.

ಅದನ್ನೂ ತೆಗೆದೆ. ಮೀನನ್ನು ನೀರಿಗೆ ಬಿಟ್ಟೆ. ಬಾಲ ಬಡಿದು ನನ್ನ ಕನ್ನಡಕ ತೋಯಿಸಿ ಹೋಯಿತು.

ಸಂಜೆ ಏಳಕ್ಕೆ ದಾರ ತೊಳೆದು, ಒರೆಸಿ, ಸುತ್ತಿಟ್ಟು, ಕೊಕ್ಕೆಗಳನ್ನು ಎಣಿಸಿದೆ. ಅವತ್ತಿನ ಕೊನೆಯ ಕೆಲಸ ಅದೇ. ನೋಟ್‌ಬುಕ್ಕಿನಲ್ಲಿ ಬರೆದೆ: ಹೋದದ್ದು ಆರು, ಬಂದದ್ದು ಏಳು. ಥಿಯೇಟರಿನಲ್ಲಿ ಎಣಿಕೆ ಹೆಚ್ಚು ಬಂದರೂ ಗಾಬರಿಯೇ. ನಮಗಿಂತ ಮೊದಲು ಯಾರೋ ಎಣಿಸಿಲ್ಲ ಎಂದರ್ಥ.

ಏಳನೆಯದನ್ನು ಎಣಿಸದೆ ಮನೆಗೆ ಹೋದ ಆ ಸ್ಕಿಲ್ಲಿನವರು ಯಾರು ಸ್ವಾಮಿ?